ಅತ್ತೆಯ ಯೂರಿನ್ ರಿಪೋರ್ಟಲ್ಲಿ ಬರೀ ‘ಆರ್’. ಇನ್ನೊಂದು ಸಲ ಸೋಂಕು ಬಾರದ ಹಾಗೆ ಮನೆಯಲ್ಲಿ ಏನು ಮಾಡಬೇಕು?

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ, ಎರಡು ಸೀಮೆ ಹಸು. ಮನೆಯಲ್ಲಿ ಅತ್ತೆ, ಯಜಮಾನರು, ನಾನು, ನಾಲ್ಕು ವರ್ಷದ ಮಗ. ಅತ್ತೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ.

ಹೋದ ತಿಂಗಳು ಅತ್ತೆಗೆ ಉರಿಮೂತ್ರ ಶುರುವಾಯಿತು. ಯಾವಾಗಲೂ ಮಾಡುವ ಹಾಗೆ ಮೆಡಿಕಲ್‌ನಲ್ಲಿ ಹೇಳಿ ಮಾತ್ರೆ ತಂದೆವು. ಎರಡು ದಿನಕ್ಕೆ ಉರಿ ಕಡಿಮೆ ಆಯಿತು, ಮಿಕ್ಕಿದ್ದನ್ನು ಅಲಮಾರಿಗೆ ಹಾಕಿದರು. ವಾರ ಬಿಟ್ಟು ಮತ್ತೆ ಬಂತು, ಮತ್ತೆ ಅದೇ ಮಾತ್ರೆ. ಮೂರನೇ ಸಲ ಮಾತ್ರ ಚಳಿ ನಡುಕ ಬಂದು ಎರಡು ಕಂಬಳಿ ಹೊದಿಸಿದರೂ ನಿಲ್ಲಲಿಲ್ಲ. ಆಗ ಡಾಕ್ಟರ್ ಹತ್ತಿರ ಹೋದೆವು. ಅವರು ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಕ್ರಿಮಿ ಬೆಳೆಸಿ ಯಾವ ಔಷಧಿಗೆ ಸಾಯುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿದರು. ರಿಪೋರ್ಟಲ್ಲಿ ಉದ್ದಕ್ಕೆ ಔಷಧಿಗಳ ಹೆಸರು, ಎದುರಿಗೆ ಆರ್, ಆರ್, ಆರ್. ಕೊನೆಯಲ್ಲಿ ಮೂರೋ ನಾಲ್ಕೋ ಎಸ್, ಅದರಲ್ಲೂ ಜಾಸ್ತಿ ಇಂಜೆಕ್ಷನ್ನೇ. ಏಳು ದಿನ ಬೆಳಿಗ್ಗೆ ಬಸ್ಸಲ್ಲಿ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಅದೇ ಹೊತ್ತಿಗೆ ನಾವು ಸಾಕುವ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ರಾತ್ರಿ ಹಗಲು ಸೊಪ್ಪು ಕೇಳುತ್ತಿತ್ತು. (ಪಟ್ಟಣದವರು ಗಾಬರಿ ಆಗಬೇಡಿ, ಹುಳಕ್ಕೆ ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವುದು.)

ಅತ್ತೆ ಈಗ ಚೆನ್ನಾಗಿದ್ದಾರೆ. ಆದರೆ ಹೊರಡುವಾಗ ಡಾಕ್ಟರ್ ಒಂದು ಮಾತು ಹೇಳಿದರು: "ಮುಂದಿನ ಸಲಕ್ಕೆ ನನ್ನ ಹತ್ತಿರ ಔಷಧಿ ಕಮ್ಮಿ ಇದೆ ಕಣಮ್ಮಾ. ಬಾರದ ಹಾಗೆ ನೋಡಿಕೊಳ್ಳಿ." ಅದು ತಲೆಯಲ್ಲಿ ಕೂತುಬಿಟ್ಟಿದೆ. ಮಗನಿಗೂ ತಿಂಗಳಿಗೊಂದು ನೆಗಡಿ. ಪ್ರತಿ ಸಲ ಒಂದು ಗುಲಾಬಿ ಸಿರಪ್ ತರುತ್ತೇವೆ, ಅರ್ಧ ಉಳಿಯುತ್ತದೆ, ಮುಂದಿನ ನೆಗಡಿಗೆ ಅದನ್ನೇ ಕುಡಿಸುತ್ತೇವೆ.

ಬಾರದ ಹಾಗೆ ನೋಡಿಕೊಳ್ಳುವುದು ಅಂದರೆ ಹೇಗೆ? ಎಲ್ಲರೂ "ಶುಚಿಯಾಗಿರಿ" ಅನ್ನುತ್ತಾರೆ. ನಾವೇನು ಕೊಳಕಾಗಿದ್ದೇವಾ? ದಿನಾ ಸ್ನಾನ ಮಾಡುತ್ತೇವೆ, ಮನೆ ಸಾರಿಸುತ್ತೇವೆ, ಕುಡಿಯಲು ಘಟಕದಿಂದ ಫಿಲ್ಟರ್ ನೀರಿನ ಕ್ಯಾನ್ ತರುತ್ತೇವೆ. ಇನ್ನೇನು ಮಾಡಬೇಕು, ನೇರವಾಗಿ ಹೇಳಿ.

ವಾರ್ಡ್_ಅಕ್ಕ

ನಾನು ಕೋಲಾರದಲ್ಲಿ ಸ್ಟಾಫ್ ನರ್ಸ್. ಮೊದಲು ಆ ಆರ್ ವಿಷಯ ಮುಗಿಸೋಣ. ದೇಹ ಮದ್ದಿಗೆ ಒಗ್ಗಿಹೋಗಿದೆ ಅಂತ ಬಹಳ ಜನ ತಿಳಿದುಕೊಂಡಿರುತ್ತಾರೆ. ಒಗ್ಗಿರುವುದು ದೇಹ ಅಲ್ಲ, ಕ್ರಿಮಿ. ಆರ್ ಅಂದರೆ ಆ ಔಷಧಿಗೆ ಈ ಕ್ರಿಮಿ ಸಾಯುವುದಿಲ್ಲ, ಎಸ್ ಅಂದರೆ ಸಾಯುತ್ತದೆ, ಅಷ್ಟೇ. ಇದು ಯಾಕೆ ಮುಖ್ಯ ಅಂದರೆ, ಒಗ್ಗಿದ್ದು ಅತ್ತೆಯ ದೇಹ ಆಗಿದ್ದರೆ ಅದು ಅವರೊಬ್ಬರ ಕಷ್ಟ ಆಗುತ್ತಿತ್ತು. ಕ್ರಿಮಿ ಆದ್ದರಿಂದ ಕೈಯಿಂದ ಕೈಗೆ, ಲೋಟದಿಂದ ಲೋಟಕ್ಕೆ ಮನೆಯಲ್ಲಿ ಯಾರಿಗೆ ಬೇಕಾದರೂ ದಾಟುತ್ತದೆ.

ಉರಿಮೂತ್ರಕ್ಕೆ ಜಾಸ್ತಿ ಕಾರಣ ಇ. ಕೋಲಿ ಅನ್ನುವ ಕ್ರಿಮಿ. ಅದು ನಮ್ಮೆಲ್ಲರ ಕರುಳಲ್ಲಿ ಸುಮ್ನೆ ಇರುತ್ತದೆ. ನೆಗಡಿಗೋ ಮೈಕೈ ನೋವಿಗೋ ಆಂಟಿಬಯೋಟಿಕ್ ನುಂಗಿದಾಗ ನೆಗಡಿಯ ವೈರಸ್‌ಗೆ ಏನೂ ಆಗುವುದಿಲ್ಲ. ಆದರೆ ಕರುಳಲ್ಲಿರುವ ಮೆತ್ತಗಿನ ಕ್ರಿಮಿಗಳೆಲ್ಲ ಸತ್ತು ಗಟ್ಟಿಯವು ಉಳಿಯುತ್ತವೆ. ಮುಂದೆ ಯಾವತ್ತೋ ಅವೇ ಮೂತ್ರನಾಳಕ್ಕೆ ಹತ್ತುತ್ತವೆ. ಈಗ ನಿಮ್ಮ ಮಗನ ಗುಲಾಬಿ ಸಿರಪ್ ನೆನಪು ಮಾಡಿಕೊಳ್ಳಿ.

ಅತ್ತೆಗೆ ಮಾಡಬೇಕಾದ್ದು ಇಷ್ಟು. ಸಕ್ಕರೆ ಹತೋಟಿಯಲ್ಲಿರಲಿ, ಇದು ಎಲ್ಲಕ್ಕಿಂತ ದೊಡ್ಡದು. ನೀರು ಚೆನ್ನಾಗಿ ಕುಡಿಯಲಿ. ನಮ್ಮ ಕಡೆ ಹೆಂಗಸರು ಹೊಲಕ್ಕೆ ಹೋದರೆ, ಬಸ್ಸು ಹತ್ತಿದರೆ, ಮದುವೆ ಮನೆಗೆ ಹೋದರೆ ಎಲ್ಲಿ ಹೋಗಬೇಕಾಗುತ್ತದೋ ಅಂತ ನೀರೇ ಕುಡಿಯುವುದಿಲ್ಲ, ಬಂದರೂ ತಡೆದುಕೊಳ್ಳುತ್ತಾರೆ. ನನ್ನ ವಾರ್ಡಿಗೆ ಬರುವ ಉರಿಮೂತ್ರದವರಲ್ಲಿ ಅರ್ಧಕ್ಕರ್ಧ ಇದೇ ಕಥೆ ಹೇಳುತ್ತಾರೆ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹಿಂದಿನಿಂದ ಮುಂದಕ್ಕಲ್ಲ. ಇದನ್ನು ಅತ್ತೆಗೆ ಹೇಳಲು ಸಂಕೋಚ ಆದರೆ ಆಶಾ ಕಾರ್ಯಕರ್ತೆಯ ಕೈಲಿ ಹೇಳಿಸಿ. ಇನ್ನೊಂದು: ಉರಿ, ಜ್ವರ ಏನೂ ಇಲ್ಲದಿದ್ದರೆ ನೀವಾಗಿ ಲ್ಯಾಬಿಗೆ ಹೋಗಿ ಮತ್ತೆ ಮತ್ತೆ ಕಲ್ಚರ್ ಮಾಡಿಸಬೇಡಿ. ವಯಸ್ಸಾದವರ ಮೂತ್ರದಲ್ಲಿ ತೊಂದರೆ ಕೊಡದ ಕ್ರಿಮಿ ಇರುವುದುಂಟು. ಅದನ್ನು ನೋಡಿ ಹೆದರಿ ಮತ್ತೊಂದು ಕೋರ್ಸ್ ನುಂಗಿದರೆ ಮತ್ತೆ ಆರ್ ಜಾಸ್ತಿ ಆಗುತ್ತದೆ.

ಇನ್ನು ನೀರು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಕಾಟ ಇದೆ. ಅದಕ್ಕೇ ಊರೂರಿಗೆ ಘಟಕ ಬಂದಿದ್ದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಹಾಗಾಗಿ ಘಟಕದ ನೀರೇ ಸರಿ. ಆದರೆ ಫಿಲ್ಟರ್ ಆದ ನೀರಲ್ಲಿ ಕ್ಲೋರಿನ್ ಇರುವುದಿಲ್ಲ. ಅಂದರೆ ಘಟಕದಿಂದ ಆಚೆ ಬಂದ ಮೇಲೆ ಅದಕ್ಕೆ ಕಾವಲೇ ಇಲ್ಲ. ನಿಮ್ಮ ಕ್ಯಾನಿನ ಒಳಗೆ ಕೈ ಹಾಕಿ ನೋಡಿ, ಜಾರುತ್ತದಾ? ಹಾಗಿದ್ದರೆ ನೀವು ಕುಡಿಯುತ್ತಿರುವುದು ಕ್ಯಾನಿನ ಲೋಳೆ. ವಾರಕ್ಕೊಮ್ಮೆ ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಬಿಸಿಲಿಗೆ ಬೋರಲು ಹಾಕಿ. ಲೋಟ ಅದ್ದಬೇಡಿ. ನಲ್ಲಿ ಇರುವ ಡ್ರಮ್ಮೋ ಉದ್ದ ಹಿಡಿಕೆಯ ಸೌಟೋ ಇರಲಿ. ಮಗುವಿಗೆ, ಅತ್ತೆಗೆ ಕೊಡುವ ನೀರನ್ನು ಕುದಿಸಿಬಿಡಿ. ಕೊತಕೊತ ಒಂದು ನಿಮಿಷ ಕುದಿದರೆ ಸಾಕು.

ಕೈ ತೊಳೆಯುವುದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ಕಾರಣ ಸೋಂಬೇರಿತನ ಅಲ್ಲ. ಟಾಯ್ಲೆಟ್ ಹಿತ್ತಲಲ್ಲಿ, ಸೋಪು ಬಚ್ಚಲಲ್ಲಿ, ನಡುವೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಬಾಗಿಲ ಚಿಲಕ, ಸೆರಗು, ಮಗುವಿನ ಕೆನ್ನೆ ಎಲ್ಲ ಮುಟ್ಟಿ ಆಗಿರುತ್ತದೆ. ಸೋಪನ್ನು ಒಂದು ಬಲೆಚೀಲಕ್ಕೆ ಹಾಕಿ ಟಾಯ್ಲೆಟ್ ಬಾಗಿಲಿಗೇ ಕಟ್ಟಿ. ಇಲ್ಲವೇ ಹಳೇ ನೀರಿನ ಬಾಟಲಿಗೆ ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಕಲಕಿ ಮುಚ್ಚಳಕ್ಕೆ ತೂತು ಮಾಡಿ ಇಡಿ, ಅದೂ ಸೋಪೇ. ಟಾಯ್ಲೆಟ್ಟಿಗೆ ಹೋಗಿ ಬಂದ ಮೇಲೆ, ಮಗುವಿಗೆ ತೊಳೆಸಿದ ಮೇಲೆ, ಸಗಣಿ ಬಾಚಿದ ಮೇಲೆ, ಅಡುಗೆಗೆ ಮುಂಚೆ, ಊಟಕ್ಕೆ ಮುಂಚೆ. ಇಪ್ಪತ್ತು ಸೆಕೆಂಡ್ ಉಜ್ಜಬೇಕು. ನಾವು ಊಟ ಆದ ಮೇಲೆ ಸೋಪು ಹಾಕಿ ತೊಳೆಯುವವರು, ಊಟಕ್ಕೆ ಮುಂಚೆ ಬರೀ ನೀರು ಚಿಮುಕಿಸಿಕೊಳ್ಳುವವರು. ಇದು ಉಲ್ಟಾ ಆಗಬೇಕು.

ಚಿಂತಾಮಣಿ_ತಾತ

ಹುಳು ಸಾಕುವ ಮನೆಯವಳಾಗಿ ಈ ಪ್ರಶ್ನೆ ಕೇಳುತ್ತೀಯಲ್ಲಮ್ಮಾ, ನಗು ಬಂತು. ನಿನಗೆ ಉತ್ತರ ಗೊತ್ತು, ನೀನು ಅದನ್ನು ಹುಳುಮನೆಯಲ್ಲೇ ಬಿಟ್ಟು ಬಂದಿದ್ದೀಯ.

ಹುಳಕ್ಕೆ ಹಾಲುತೊಂಡೆ ರೋಗ ಬಂದರೆ ಏನು ಔಷಧಿ ಇದೆ ಹೇಳು? ಇಲ್ಲ. ಬಂದ ಹುಳ ಆರಿಸಿ ಬ್ಲೀಚಿಂಗ್ ಸುಣ್ಣದ ನೀರಿಗೆ ಹಾಕಿ ಹೂಳುವುದೇ. ಔಷಧಿ ಇಲ್ಲ ಅಂತ ಗೊತ್ತಿರುವುದರಿಂದಲೇ ನಾವು ಅಷ್ಟು ಹೆದರಿ ನಡೆದುಕೊಳ್ಳುತ್ತೇವೆ. ಒಂದು ಬೆಳೆ ಎತ್ತಿದ ತಕ್ಷಣ ಹುಳುಮನೆ ತೊಳೆದು ಹತ್ತು ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಸುಣ್ಣ ಕಲಸಿ ಸೂರಿನವರೆಗೂ ಹೊಡೆಯುತ್ತೇವೆ. ಚಪ್ಪಲಿ ಆಚೆ. ಬಾಗಿಲಲ್ಲಿ ಕೈಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ನನ್ನ ಅಳಿಯ ಬೆಂಗಳೂರಿನಿಂದ ಬಂದವನು ಹುಳ ನೋಡುತ್ತೇನೆ ಅಂತ ಹಾಗೇ ನುಗ್ಗಿದಾಗ ನಾನು ಕೂಗಾಡಿದ್ದು ಊರಿಗೆಲ್ಲ ಕೇಳಿಸಿತ್ತು. ಅದೇ ಅಳಿಯ ಅದೇ ಕೈಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡ. ಆಗ ನಾನು ತುಟಿ ಬಿಚ್ಚಲಿಲ್ಲ. ಆಮೇಲೆ ರಾತ್ರಿ ಯೋಚನೆ ಬಂತು, ಹುಳಕ್ಕಿರುವ ಮರ್ಯಾದೆ ಮಗೂಗೆ ಇಲ್ಲವಲ್ಲ ಅಂತ.

ಹಾಗೆ ಯಾಕೆ ಆಯಿತು ಅಂದರೆ, ಮಗುವಿಗೆ ಏನಾದರೂ ಆದರೆ ಮೆಡಿಕಲ್ ಇದೆ ಅನ್ನುವ ಧೈರ್ಯ. ಹುಳಕ್ಕೆ ಆ ಧೈರ್ಯ ಇಲ್ಲ. ನಿಮ್ಮ ಡಾಕ್ಟರ್ ಹೇಳಿದ್ದು ಆ ಧೈರ್ಯ ಇನ್ನು ಮೇಲೆ ಇಟ್ಟುಕೊಳ್ಳಬೇಡಿ ಅಂತ.

ಇನ್ನೊಂದು ಸಂಗತಿ. ಕ್ರಿಮಿಯಿಂದ ರೋಗ ಬರುತ್ತದೆ ಅಂತ ತೋರಿಸಿಕೊಟ್ಟ ಪಾಶ್ಚರ್ ಇದ್ದಾನಲ್ಲ, ಅವನು 1865ರಿಂದ ಐದಾರು ವರ್ಷ ಫ್ರಾನ್ಸಿನಲ್ಲಿ ಕೂತು ನೋಡಿದ್ದು ರೇಷ್ಮೆ ಹುಳದ ಗಂಟು ರೋಗವನ್ನೇ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇಲ್ಲದ ಚಿಟ್ಟೆಯ ಮೊಟ್ಟೆ ಮಾತ್ರ ಇಟ್ಟುಕೊಳ್ಳಿ ಅಂದ. ಇವತ್ತಿಗೂ ನಮಗೆ ಮೊಟ್ಟೆ ಕೊಡುವ ಕಡೆ ತಾಯಿ ಚಿಟ್ಟೆ ಪರೀಕ್ಷೆ ನಡೆಯುತ್ತದೆ. ತರಬೇತಿಗೆ ಹೋದಾಗ ಇದನ್ನು ಕೇಳಿ ನನಗೆ ಒಂಥರಾ ಹೆಮ್ಮೆ ಆಗಿತ್ತು.

ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಸಪ್ಪೆ ರೋಗ ಬಂದಾಗ ಯಾರೋ ಹೇಳಿದರು ಅಂತ ಮನುಷ್ಯರ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಕಲಸಿ ಸೊಪ್ಪಿಗೆ ಹೊಡೆದಿದ್ದೆ. ಬೆಳೆಯೂ ಉಳಿಯಲಿಲ್ಲ. ಆ ಕಸವೆಲ್ಲ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಈಗ ಮಾಡುವುದಿಲ್ಲ.

ತಿಪಟೂರು_ತೆಂಗು

ಎಲ್ಲಾ ಸರಿ, ಆದರೆ ಇದೆಲ್ಲ ಬಡವರ ಮೇಲೆ ತಪ್ಪು ಹೊರಿಸುವ ಆಟ ಅಂತ ನನಗೆ ಅನ್ನಿಸುತ್ತದೆ. ಕೋಳಿ ಫಾರಂನಲ್ಲಿ ಮೇವಿಗೇ ಆಂಟಿಬಯೋಟಿಕ್ ಕಲಸುತ್ತಾರೆ. ಆಸ್ಪತ್ರೆಗೆ ಒಂದು ಕಾಯಿಲೆಗೆ ಹೋದವರು ಎರಡು ಹಿಡಿಸಿಕೊಂಡು ಬರುತ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಎರಡೇ ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಇಲ್ಲಿ ನೋಡಿದರೆ ಬಡಪಾಯಿ ಹೆಂಗಸಿಗೆ ಸೋಪು ಕಟ್ಟು, ಕ್ಯಾನ್ ಉಜ್ಜು. ಜೊತೆಗೆ ಇಷ್ಟೆಲ್ಲ ತೊಳೆದರೆ ಮಕ್ಕಳಿಗೆ ರೋಗ ತಡೆಯುವ ಶಕ್ತಿಯೇ ಹೋಗುತ್ತದೆ. ನಮ್ಮಜ್ಜಿ ಕಟ್ಟೆ ನೀರು ಕುಡಿದು ತೊಂಬತ್ತು ವರ್ಷ ಬದುಕಿದರು.

ವಾರ್ಡ್_ಅಕ್ಕ

@ತಿಪಟೂರು_ತೆಂಗು ಸರ್, ಅರ್ಧ ಒಪ್ಪುತ್ತೇನೆ, ಅರ್ಧಕ್ಕೆ ಜಗಳ ಆಡುತ್ತೇನೆ.

ಒಪ್ಪುವ ಭಾಗ: 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸತ್ತರು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಲೆಕ್ಕ ಬಂತು. ಅದೇ ಪತ್ರಿಕೆಯಲ್ಲಿ 2024ರಲ್ಲಿ ಇನ್ನೊಂದು ಲೆಕ್ಕ ಬಂತು. ಬಡ ಮತ್ತು ಮಧ್ಯಮ ದೇಶಗಳಲ್ಲಿ ಸೋಂಕು ಬಾರದ ಹಾಗೆ ತಡೆದರೆ ವರ್ಷಕ್ಕೆ ಸುಮಾರು 7.5 ಲಕ್ಷ ಸಾವು ತಪ್ಪುತ್ತದಂತೆ. ಅದರಲ್ಲಿ ದೊಡ್ಡ ಪಾಲು, 3.37 ಲಕ್ಷ, ಆಸ್ಪತ್ರೆಯ ಒಳಗಿನ ಕೆಲಸ. ಅಂದರೆ ನಾವು ಕೈ ತೊಳೆಯುವುದು, ಉಪಕರಣ ಶುದ್ಧ ಇಡುವುದು. ಆಮೇಲೆ ಊರಿಗೆ ಒಳ್ಳೆ ನೀರು, ಶೌಚಾಲಯ ಕೊಟ್ಟರೆ ಸುಮಾರು 2.5 ಲಕ್ಷ. ಮಕ್ಕಳ ಲಸಿಕೆಯಿಂದ ಸುಮಾರು 1.8 ಲಕ್ಷ. ಹಾಗಾಗಿ ಮೊದಲು ಬೈಸಿಕೊಳ್ಳಬೇಕಾದವರು ನಾವೇ, ಆಮೇಲೆ ಪಂಚಾಯಿತಿ. ನಿಮ್ಮವರನ್ನು ವಾರ್ಡಿಗೆ ಸೇರಿಸಿದಾಗ ಮುಟ್ಟಲು ಬಂದ ನರ್ಸನ್ನೋ ಡಾಕ್ಟರನ್ನೋ "ಕೈ ತೊಳೆದಿರಾ" ಅಂತ ಕೇಳಿ. ಕೋಪ ಮಾಡಿಕೊಂಡರೂ ಪರವಾಗಿಲ್ಲ, ಕೇಳಿ. ಕೋಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಮಾಡಿತು. ಅದು ನಮ್ಮ ಐಸಿಯುನಲ್ಲಿ ಬೇರೇನೂ ಕೆಲಸ ಮಾಡದಿದ್ದಾಗ ಕೊಡುವ ಔಷಧಿ. ಕೆರೆ ನೀರಿನ ಜಗಳವೂ ನ್ಯಾಯವೇ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿನವರು ಕೇಳುತ್ತಲೇ ಇದ್ದಾರೆ.

ಜಗಳದ ಭಾಗ: ನಿಮ್ಮಜ್ಜಿ ತೊಂಬತ್ತು ಬದುಕಿದರು, ಸಂತೋಷ. ಅವರು ಹೆತ್ತದ್ದೆಷ್ಟು, ಉಳಿದದ್ದೆಷ್ಟು ಅಂತ ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಮಕ್ಕಳು ಮಣ್ಣಲ್ಲಿ ಆಡಲಿ, ನಾನೇನೂ ಬೇಡ ಅನ್ನುವುದಿಲ್ಲ. ಮಣ್ಣು ಬೇರೆ, ಮಲ ಬೇರೆ. ಮತ್ತೆ "ಕ್ರಿಮಿನಾಶಕ" ಅಂತ ಬರೆದ ದುಬಾರಿ ಸೋಪು ಯಾರೂ ತರಬೇಡಿ. ಮಾಮೂಲಿ ಸೋಪು ಸಾಕು. ಟ್ರೈಕ್ಲೋಸಾನ್ ಅನ್ನುವ ಕ್ರಿಮಿನಾಶಕ ಹಾಕಿದ ಕೈ ಸೋಪುಗಳು ಮಾಮೂಲಿ ಸೋಪಿಗಿಂತ ಜಾಸ್ತಿ ಕೆಲಸ ಮಾಡುತ್ತವೆ ಅನ್ನಲು ಆಧಾರ ಸಿಗದೆ ಅಮೆರಿಕದಲ್ಲಿ 2016ರಲ್ಲೇ ನಿಲ್ಲಿಸಿದರು.

ಭಾನುವಾರದ ಕೋಳಿ ಬಗ್ಗೆ ಒಂದೇ ಮಾತು. ಚೆನ್ನಾಗಿ ಬೆಂದರೆ ಎಂಥಾ ಗಟ್ಟಿ ಕ್ರಿಮಿಯೂ ಸಾಯುತ್ತದೆ. ತೊಂದರೆ ಇರುವುದು ಹಸಿ ಕೋಳಿ ಕೊಯ್ದ ಚಾಕುವಿನಲ್ಲೇ ಈರುಳ್ಳಿ, ಸೌತೆಕಾಯಿ ಕೊಯ್ಯುವುದರಲ್ಲಿ. ನಲ್ಲಿ ಕೆಳಗೆ ಹಿಡಿದು ಸುತ್ತ ಸಿಡಿಯುವ ಹಾಗೆ ತೊಳೆಯುವುದರಲ್ಲೂ ಇದೆ.

ಕೌಂಟರ್_ಹಿಂದಿನವನು

ತುಮಕೂರಿನಲ್ಲಿ ಮೆಡಿಕಲ್ ಶಾಪಲ್ಲಿ ಕೆಲಸ ಮಾಡುತ್ತೇನೆ. ಬೈಯುವವರು ಬೈಯಿರಿ, ಇದ್ದದ್ದು ಹೇಳುತ್ತೇನೆ. ದಿನಕ್ಕೆ ಕನಿಷ್ಠ ಹತ್ತು ಜನ "ಗಂಟಲು ನೋವು, ಮೂರು ಮಾತ್ರೆ ಕೊಡಿ" ಅಂತ ಬರುತ್ತಾರೆ. ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಸ್ಟ್ರಿಪ್ ಹಿಂದೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿದ್ದೀರಾ? ಅದು ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅನ್ನುವ ಗುರುತು. ಸೆಫಿಕ್ಸಿಮ್, ಲಿವೋಫ್ಲಾಕ್ಸಸಿನ್ ತರಹದ ಆಂಟಿಬಯೋಟಿಕ್‌ಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಯಾವ ಡಾಕ್ಟರ್ ಬರೆದರು, ಯಾರಿಗೆ, ಎಷ್ಟು ಅಂತ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಹಾಗಿದೆ. ನಡೆಯುವುದು ಹೇಗೆ ಅಂತ ನಿಮಗೂ ಗೊತ್ತು.

ಅಕ್ಕಾ, ಆ ಗುಲಾಬಿ ಸಿರಪ್ ಪುಡಿಗೆ ನೀರು ಕಲಸುವಂಥದ್ದಾ? ಹಾಗಿದ್ದರೆ ಕಲಸಿದ ಮೇಲೆ ಸಾಮಾನ್ಯವಾಗಿ ಒಂದು ವಾರವಷ್ಟೇ ಅದರ ಆಯುಸ್ಸು, ಲೇಬಲ್ ಮೇಲೆ ಇರುತ್ತದೆ. ಮುಂದಿನ ತಿಂಗಳು ಕುಡಿಸಿದರೆ ಮಗುವಿನ ನೆಗಡಿಗೂ ಪ್ರಯೋಜನ ಇಲ್ಲ, ಔಷಧಿಯಲ್ಲಿ ದಮ್ಮೂ ಇಲ್ಲ. ಈ ವಯಸ್ಸಿಗೆ ವರ್ಷಕ್ಕೆ ಆರೆಂಟು ನೆಗಡಿ ಮಾಮೂಲು. ಸಿಂಬಳ ಹಸಿರಾದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕು ಅಂತಲ್ಲ. ಉಸಿರು ಜೋರಾಗಿ ಎಳೆಯುತ್ತಿದ್ದರೆ, ನೀರು ಕುಡಿಯದಿದ್ದರೆ, ಮಂಕಾಗಿ ಮಲಗಿಬಿಟ್ಟರೆ, ಫಿಟ್ಸ್ ಬಂದರೆ ನಮ್ಮ ಕೌಂಟರಿಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಭೇದಿಗೂ ಅಷ್ಟೇ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು, ಲೋಟಕ್ಕಿಷ್ಟು ಅಂತ ಅಂದಾಜಲ್ಲ. ಮಕ್ಕಳಿಗೆ ಜೊತೆಗೆ ಜಿಂಕ್ ಮಾತ್ರೆ 14 ದಿನ. ಭೇದಿ ನಿಂತರೂ ಜಿಂಕ್ ಮುಗಿಸಬೇಕು. ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ಡಾಕ್ಟರ್ ಹತ್ತಿರ ಓಡಿ.

ಮಗನ ತಾಯಿ ಕಾರ್ಡ್ ತೆಗೆದು ಲಸಿಕೆ ಎಲ್ಲ ಆಗಿದೆಯಾ ನೋಡಿ. ನ್ಯುಮೋನಿಯಾ ತಡೆಯುವ ಪಿಸಿವಿ 2021ರಿಂದ ದೇಶದಲ್ಲೆಲ್ಲ ಸರ್ಕಾರಿ ಪಟ್ಟಿಗೆ ಬಂತು. ನಿಮ್ಮ ಮಗ ಆಮೇಲೆ ಹುಟ್ಟಿದವನಾದರೆ ಸಿಕ್ಕಿರಬೇಕು. ಟೈಫಾಯಿಡ್ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. ವ್ಯಾಪಾರ ಕಮ್ಮಿ ಆಗುವ ಸಲಹೆಯನ್ನೇ ಕೊಡುತ್ತಿದ್ದೇನೆ, ನಮ್ಮ ಓನರ್ ಇದನ್ನು ಓದದಿರಲಿ 🙏

ಮುಳಬಾಗಿಲು_ಹಾಲು

ಹಸು ಇದೆ ಅಂದಿರಲ್ಲ ಅಕ್ಕಾ, ಅದನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಸೀಮೆ ಹಸುಗಳಿಗೆ ಆಂಟಿಬಯೋಟಿಕ್ ಜಾಸ್ತಿ ಹೋಗುವುದು ಕೆಚ್ಚಲು ಬಾವು ರೋಗಕ್ಕೆ. ಅದನ್ನು ಬಹಳ ಮಟ್ಟಿಗೆ ತಡೆಯಬಹುದು. ಕರೆಯುವ ಮುಂಚೆ ಕೈ, ಕೆಚ್ಚಲು ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಒಂದೊಂದು ಹಸುವಿಗೆ ಬೇರೆ ಬೇರೆ ಬಟ್ಟೆ. ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮುಖ್ಯವಾದದ್ದು ಇದು: ಮೇವನ್ನು ಕರೆದ ಮೇಲೆ ಹಾಕಿ, ಮುಂಚೆ ಅಲ್ಲ. ಕರೆದ ಮೇಲೆ ಅರ್ಧ ಗಂಟೆಯಾದರೂ ತೊಟ್ಟಿನ ತೂತು ತೆರೆದೇ ಇರುತ್ತದೆ. ಆಗಲೇ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ಕ್ರಿಮಿ ಸೀದಾ ಒಳಗೆ. ಮೇವು ಮುಂದಿದ್ದರೆ ನಿಂತು ತಿನ್ನುತ್ತದೆ. ಒಂದು ಪೈಸೆ ಖರ್ಚಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಇದೊಂದನ್ನು ಬದಲಾಯಿಸಿದ ಮೇಲೆ ಬಾವು ತುಂಬಾ ಕಮ್ಮಿ ಆಯಿತು.

ಇಂಜೆಕ್ಷನ್ ಕೊಡಿಸಿದರೆ ಎಷ್ಟು ದಿನ ಹಾಲು ಬಳಸಬಾರದು ಅಂತ ಪಶುವೈದ್ಯರನ್ನು ಕೇಳಿ, ಬಾಟಲಿ ಮೇಲೂ ಇರುತ್ತದೆ. ಅಷ್ಟು ದಿನ ಡೇರಿಗೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ. ಡೇರಿಗೆ ಹಾಕುವಂತಿಲ್ಲ ಅಂತ ಮಗನಿಗೆ ಕುಡಿಸುವವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಹುಳುಮನೆ_ಶಿಡ್ಲಘಟ್ಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾನಿಗೆ ಕೈ ಹಾಕಿ ನೋಡಿದೆ ಅಕ್ಕಾ. ಜಾರಿತು. ಉಜ್ಜಿದಾಗ ಬಂದ ನೀರನ್ನು ಯಜಮಾನರಿಗೆ ತೋರಿಸಿದೆ, ಏನೂ ಮಾತಾಡದೆ ಪೇಟೆಗೆ ಹೋಗಿ ನಲ್ಲಿ ಇರುವ ಡ್ರಮ್ ತಂದರು. ಫ್ರಿಜ್‌ನಲ್ಲಿದ್ದ ಸಿರಪ್ ಎಸೆದೆ. ಮಗನ ಕಾರ್ಡಲ್ಲಿ ಒಂದೂವರೆ ವರ್ಷದ ದಡಾರ ರುಬೆಲ್ಲಾ ಎರಡನೇ ಡೋಸ್ ಜಾಗ ಖಾಲಿ ಇದೆ, ಗುರುವಾರ ಕರೆದುಕೊಂಡು ಹೋಗುತ್ತೇನೆ. ಅತ್ತೆಗೆ ತೊಳೆಯುವ ವಿಷಯ ಇನ್ನೂ ಹೇಳಿಲ್ಲ, ಆಶಾ ಅಕ್ಕನ ದಾರಿ ಕಾಯುತ್ತಿದ್ದೇನೆ.

ತಾತ, ನಿಮ್ಮ ಮಾತು ಓದಿ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹುಳುಮನೆ ಬಾಗಿಲಲ್ಲಿ ಇಡುವಂಥದ್ದೇ ಒಂದು ಬಕೆಟ್ಟು, ಚೊಂಬು, ಸೋಪು ತಂದು ಅಡುಗೆಮನೆ ಬಾಗಿಲಿಗೆ ಇಟ್ಟಿದ್ದೇನೆ. ಕೈ ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ ಅಂದೆ. ಅತ್ತೆ ಒಂದು ನಿಮಿಷ ನನ್ನ ಮುಖ ನೋಡಿ, "ನಾನೇನು ಹುಳಾನಾ" ಅಂದರು. ತೊಳೆದುಕೊಂಡೇ ಬಂದರು ಮಾತ್ರ.

ಚಿಂತಾಮಣಿ_ತಾತ

ಬ್ಲೀಚಿಂಗ್ ಹಾಕಿಬಿಟ್ಟೀಯಮ್ಮಾ ಅಭ್ಯಾಸ ಬಲದಲ್ಲಿ, ಅತ್ತೆ ಕೈ ಸುಲಿದುಹೋದೀತು. ಸೋಪು ಸಾಕು. ಗೂಡಿಗೆ ಈ ಸಲ ಏನು ರೇಟ್ ಸಿಕ್ಕಿತು, ಅದನ್ನು ಹೇಳಲೇ ಇಲ್ಲ?